ಮನೆ ಕೇಳಿದರೆ ಜೋಳ ಕೊಟ್ಟರು

ಹೋದ ಭಾನುವಾರ ಬಾಡಿಗೆ ಮನೆ ಹುಡುಕಲು ಹೊರಟ ನಾನು ಸಂಜೆ ಮೂರು ಚೀಲ ಜೋಳದೊಂದಿಗೆ ವಾಪಸ್ ಬಂದೆ.

ನಗಬೇಡಿ. ನಡೆದದ್ದೇ ಹಾಗೆ.

ಸುರಪುರದಲ್ಲಿ ನಮ್ಮದೊಂದು ಸಣ್ಣ ಗುಂಪಿದೆ. ಹೆಸರು ‘ಸೇರು ಬಳಗ’. ಪ್ರತಿ ಮನೆಯವರು ತಿಂಗಳಿಗೆ ಒಂದು ಸೇರು ಜೋಳ ಕೊಡಬೇಕು, ಅಷ್ಟೇ ನಿಯಮ. ಮನೆ ಬಿದ್ದವರಿಗೆ, ಆಸ್ಪತ್ರೆ ಪಾಲಾದವರಿಗೆ, ದುಡಿಯುವವರು ಹಾಸಿಗೆ ಹಿಡಿದ ಮನೆಗಳಿಗೆ ಅದನ್ನು ಮುಟ್ಟಿಸುತ್ತೇವೆ. ತೀರಾ ಕಷ್ಟವಿದ್ದರೆ ನಾಲ್ಕಾರು ತಿಂಗಳು ಬಾಡಿಗೆಯನ್ನೂ ಕಟ್ಟುತ್ತೇವೆ. (ಸೇರು ಅಂದರೆ ಅಳತೆ. ಸೇರು ಅಂದರೆ ಬಂದು ಕೂಡಿಕೋ ಅಂತಲೂ ಆಯಿತು. ಈ ಹೆಸರು ಇಟ್ಟವಳು ನಾನೇ. ಇನ್ನೂ ಯಾರೂ ಸನ್ಮಾನ ಮಾಡಿಲ್ಲ.)

ಅಕ್ಕಿ ಯಾಕಿಲ್ಲ ಎಂದು ಕೆಲವರು ಕೇಳುತ್ತಾರೆ. ಕಾಲುವೆ ಬಂದ ಮೇಲೆ ಸುತ್ತಲೂ ಭತ್ತವೇ ಭತ್ತ, ನಿಜ. ಆದರೆ ಗದ್ದೆಯಲ್ಲಿ ದಿನವಿಡೀ ಭತ್ತ ನಾಟಿ ಮಾಡಿ ಬಂದ ಹೆಣ್ಣುಮಗಳೂ ಮನೆಗೆ ಬಂದು ಬಡಿಯುವುದು ಜೋಳದ ರೊಟ್ಟಿಯನ್ನೇ. ಅನ್ನ ಉಂಡರೆ ಉಂಡಂಗಾಗಲ್ಲ ಅನ್ನುವ ಮಂದಿ ನಾವು.

ಇರಲಿ, ವಿಷಯಕ್ಕೆ ಬರುತ್ತೇನೆ.

ಈ ಸಲ ನಮ್ಮ ಬಳಗದ ಮುಂದೆ ಬಂದವರು ಶಾಂತಾಬಾಯಿ, ಆಕೆಯ ಗಂಡ ಭೀಮರಾಯ ಮತ್ತು ಮಗಳು ಪ್ರಜ್ಞಾ. ಕಾಲುವೆ ಪಕ್ಕದ ಹಳ್ಳಿಯವರು. ಊರಿಗೆ ಅಂಟಿಕೊಂಡೇ ಭತ್ತದ ಗದ್ದೆ. ನೀರು ಬಿಟ್ಟಾಗಲೆಲ್ಲ ಇವರ ಮಣ್ಣಿನ ಗೋಡೆ ಬುಡದಿಂದ ತೇವ ಎಳೆದುಕೊಳ್ಳುತ್ತಿತ್ತು. ಈ ವರ್ಷ ಅದು ತಡೆಯಲಾಗದೆ ಕುಸಿದು ಭೀಮರಾಯನ ಕಾಲ ಮೇಲೆಯೇ ಬಿತ್ತು. ಈಗ ತೊಡೆಯವರೆಗೆ ಪ್ಲಾಸ್ಟರು. ಮಗಳು ಸುರಪುರದಲ್ಲಿ ಹತ್ತನೇ ಕ್ಲಾಸು. ಸದ್ಯಕ್ಕೆ ಮೂವರನ್ನೂ ಇಲ್ಲಿನ ಒಂದು ಸಮುದಾಯ ಭವನದಲ್ಲಿ ಇಳಿಸಿದ್ದೆವು.

ಆದರೆ ಭವನ ಮದುವೆಗೆ ಬುಕ್ ಆಗಿತ್ತು. ಬುಧವಾರದೊಳಗೆ ಖಾಲಿ ಮಾಡಬೇಕು. ಇಲ್ಲದಿದ್ದರೆ? ಪ್ಲಾಸ್ಟರು ಹಾಕಿದ ಗಂಡನನ್ನು ಕಟ್ಟಿಕೊಂಡು ಬಿದ್ದ ಗೋಡೆಯ ಪಕ್ಕ ತಾಡಪತ್ರಿ ಎಳೆದುಕೊಂಡು ಕೂರಬೇಕು. ಮಗಳ ಶಾಲೆ ಅಲ್ಲಿಗೆ ಮುಗಿದಂತೆ. ಶಾಂತಾಬಾಯಿ ಇದನ್ನು ಅಳದೆಯೇ ಹೇಳಿದಳು.

“ಫಿಕರ್ ಮಾಡಬ್ಯಾಡ್ರಿ ಅಕ್ಕೋರ, ಮಧ್ಯಾಹ್ನದ ಊಟದೊಳಗ ಮನಿ ಹಿಡಿದು ಕೊಡ್ತೀನಿ” ಅಂದ ಮಲ್ಲಣ್ಣ. ಈತ ನಮ್ಮ ಬಳಗದ ಕಾರ್ಯದರ್ಶಿ, ಕಚೇರಿಯಲ್ಲಿ ಗುಮಾಸ್ತ, ಮಹಾ ಆಶಾವಾದಿ. (ನಾನು ಹೈಸ್ಕೂಲಿನ ಅಕ್ಕೋರು, ಅಂದರೆ ಟೀಚರು. ಆಶಾವಾದಕ್ಕೂ ನನಗೂ ಅಷ್ಟಕ್ಕಷ್ಟೆ.) ಅವನ ಬೈಕ್ ಹಿಂದೆ ಕೂತು ಹೊರಟೆ.

ಮೊದಲ ಮನೆ. ಗೋಡೆಗೆ ‘ಟು ಲೆಟ್’ ಬೋರ್ಡು. ಮನೆಯವರು ಚಹಾ ಕೊಟ್ಟರು, ಖೋಲಿ ತೋರಿಸಿದರು, ನಳದ ನೀರು ಬಿಟ್ಟೂ ತೋರಿಸಿದರು. ಎಲ್ಲ ಮುಗಿದ ಮೇಲೆ ಕಡೆಯ ಪ್ರಶ್ನೆ.

“ಅಂದಂಗ, ಯಾವ ಮಂದಿರಿ?”

ಮಲ್ಲಣ್ಣ ಹೇಳಿದ, “ಬೌದ್ಧರು.” (ನಮ್ಮ ಕಡೆ ಹಾಗೆಂದರೆ ದಲಿತರು ಎಂದು ಎಲ್ಲರಿಗೂ ಅರ್ಥವಾಗುತ್ತದೆ.)

ಯಜಮಾನರಿಗೆ ಆಗಲೇ ನೆನಪಾಯಿತು, ಮಗಳು ಬಾಣಂತನಕ್ಕೆ ಬರುವವಳಿದ್ದಾಳೆ ಅಂತ. ಎಂಥ ಚುರುಕು ನೆನಪು ನೋಡಿ! ನಾವು ಮೆಟ್ಟಿಲಿಳಿಯುವಾಗ ಹಿಂದಿನಿಂದ ಕೂಗಿದರು, “ಅಕ್ಕೋರ, ಬರಿಗೈಲೆ ಹೋಗಬ್ಯಾಡ್ರಿ. ಪಾಪ, ತ್ರಾಸಿನ್ಯಾಗ ಅದಾರ. ಒಂದು ಚೀಲ ಜೋಳ ಒಯ್ಯಿರಿ.”

ಎರಡನೆಯ ಮನೆಯಲ್ಲಿ ವಾಸ್ತು ಸರಿ ಇಲ್ಲ ಅಂದರು. ವಾಸ್ತು ಮನೆ ಮಾಲೀಕರದು, ಅದನ್ನು ಬಾಡಿಗೆದಾರರ ಮೇಲೆ ಯಾಕೆ ಹಾಕುತ್ತೀರಿ ಅಂತ ನಾನು ಕೇಳಿದೆ. ಅವರು ನಕ್ಕರು. ನಕ್ಕು ಒಂದು ಚೀಲ ಜೋಳ ಕೊಟ್ಟರು.

ಮೂರನೆಯದು ರಂಗಂಪೇಟೆಯಲ್ಲಿ, ನಮ್ಮ ಬಳಗಕ್ಕೆ ಎಲ್ಲರಿಗಿಂತ ಹೆಚ್ಚು ಜೋಳ ಕೊಡುವ ಸಾವಕಾರರ ಮನೆ. ಕಾಲುವೆ ನೀರಾವರಿಯ ಜಮೀನು, ಮೂರಂತಸ್ತಿನ ಮನೆ. ಮೇಲಿನ ಅಂತಸ್ತಿನಲ್ಲಿ ಪಾರಿವಾಳಗಳಷ್ಟೇ ಇವೆ. ಅವರು ಮಾತ್ರ ಸುಳ್ಳು ಹೇಳಲಿಲ್ಲ. “ನನಗೇನಿಲ್ಲ ಅಕ್ಕೋರ. ಓಣಿಯ ಮಂದಿ ಏನಂತಾರ?” ಅಂದರು. ಓಣಿಯ ಮಂದಿಯಲ್ಲಿ ಅವರೂ ಒಬ್ಬರು ಎಂದು ನೆನಪಿಸುವ ಹೊತ್ತಿಗೆ ಆಳು ಚೀಲ ತಂದು ಬೈಕಿನ ಪಕ್ಕ ಇಟ್ಟಾಗಿತ್ತು.

ಬಾಡಿಗೆ ಮನೆ ಕೇಳಲು ಹೋದಲ್ಲೆಲ್ಲ ನನ್ನನ್ನು ಮಾತ್ರ ಯಾರೂ ಆ ಪ್ರಶ್ನೆ ಕೇಳಿದ್ದಿಲ್ಲ. ನನ್ನ ಅಡ್ಡಹೆಸರೇ ಮೊದಲು ಹೋಗಿ ಬಾಗಿಲು ತೆಗೆಸಿಬಿಡುತ್ತದೆ. ಇಷ್ಟು ವರ್ಷ ಅದನ್ನು ನಾನು ಒಳ್ಳೆಯ ನಡತೆಯ ಫಲ ಅಂದುಕೊಂಡಿದ್ದೆ!

ಆಟೋದಲ್ಲಿ ಚೀಲಗಳನ್ನು ತಂದು ಭವನದಲ್ಲಿ ಇಳಿಸಿದಾಗ ಶಾಂತಾಬಾಯಿ ಒಮ್ಮೆ ಚೀಲ ನೋಡಿದಳು, ಒಮ್ಮೆ ನನ್ನ ಮುಖ ನೋಡಿದಳು. “ಇಷ್ಟು ಜೋಳ ಇಡಾಕರ ಒಂದು ಮನಿ ಬೇಕಲ್ರಿ ಅಕ್ಕೋರ?” ಅಂದಳು.

ಗೋಡೆಗೆ ಒರಗಿದ್ದ ಭೀಮರಾಯ ಕಾಲು ಹಿಡಿದುಕೊಂಡೇ ನಕ್ಕುಬಿಟ್ಟ. ನನಗೂ ನಗು ಬಂತು. ಆಮೇಲೆ ಭಯಂಕರ ಸಿಟ್ಟು ಬಂತು. ಜನ ಕೆಟ್ಟವರು ಅಂತ ಬರೆದುಬಿಡುವುದು ಸುಲಭ. ಆದರೆ ಅವರು ಕೊಟ್ಟ ಜೋಳ ಸುಳ್ಳಲ್ಲ, ಕರುಣೆಯೂ ಸುಳ್ಳಲ್ಲ. ಆ ಕರುಣೆ ಹೊಸ್ತಿಲು ದಾಟಿ ಹೊರಗೆ ಬರುತ್ತದೆ, ಯಾರನ್ನೂ ಒಳಗೆ ಕರೆಯುವುದಿಲ್ಲ. ಇದಕ್ಕೆ ಏನು ಹೆಸರಿಡೋಣ?

ಸೋಮವಾರ ಸಂಜೆ ಶಾಲೆ ಬಿಟ್ಟ ಮೇಲೆ ಅದೇ ಜೋಳದಲ್ಲಿ ಒಂದಿಷ್ಟನ್ನು ರಂಗಂಪೇಟೆಯ ಗಿರಣಿಗೆ ಒಯ್ದೆ. ಗಿರಣಿ ಓಡುವಾಗ ಕಿರುಚಿಯೇ ಮಾತಾಡಬೇಕು. ನಾನು ಗಿರಣಿಯವನ ಮುಂದೆ ಕಿರುಚಿ ಕಿರುಚಿ ಊರವರನ್ನೆಲ್ಲ ಬೈಯುತ್ತಿದ್ದೆ. ಅಷ್ಟರಲ್ಲಿ ಆತ ಪಟ್ಟಾ ಬಿಚ್ಚಿದ. ಗಿರಣಿ ನಿಂತಿತು, ನನ್ನ ಬಾಯಿ ನಿಲ್ಲಲಿಲ್ಲ. “ಇಷ್ಟು ಮನಿ ಖಾಲಿ ಬಿದ್ದಾವ, ಒಬ್ಬರಿಗರ ಮನಸ್ಸು ಬ್ಯಾಡೇನು?” ಎಂಬುದು ಓಣಿಯ ಆ ತುದಿಗೂ ಕೇಳಿರಬೇಕು.

“ನಿನ್ನ ಮಂದಿ ದಿನಾ ಒಲಿ ಹಚ್ತಾರೇನು?”

ತಿರುಗಿ ನೋಡಿದೆ. ದೊಡ್ಡ ಹಿಟ್ಟಿನ ಡಬ್ಬಿಯ ಪಕ್ಕ ಕೂತಿದ್ದ ಮುದುಕಿ. ಹೆಸರು ಮಾಳಮ್ಮ, ಕುರಿ ಸಾಕುವ ಮನೆತನ. ಎರಡು ದಿನದಲ್ಲಿ ಮಕ್ಕಳು, ಸೊಸೆಯರೊಂದಿಗೆ ಕುರಿ ಹೊಡೆದುಕೊಂಡು ಹೊರಡುವವಳು, ದಾರಿಗೆ ಹಿಟ್ಟು ಬೀಸಿಸಲು ಬಂದಿದ್ದಳು. ಮೊದಲು ಕುರಿ ಇಲ್ಲೇ ಸುತ್ತಮುತ್ತ ಮೇಯುತ್ತಿದ್ದವಂತೆ. ಬೀಳು ನೆಲವೆಲ್ಲ ಗದ್ದೆಯಾದ ಮೇಲೆ ದೂರ ಹೋಗಬೇಕು, ಮಳೆಗಾಲಕ್ಕೆ ತಿರುಗಿ ಬರಬೇಕು. ಅಲ್ಲಿಯತನಕ ಮನೆಗೆ ಬೀಗ.

“ಹೋದ ಸಲ ಬರೋದ್ರಾಗ ಬಾಗಿಲ ಚೌಕಟ್ಟ ಗೆದ್ದಲ ತಿಂದಿತ್ತು. ಇಲಿ ನೆಲ ತೋಡಿದ್ವು. ಹೊಗಿ ಆಡದ ಮನಿ ನಿಲ್ಲಂಗಿಲ್ಲವ್ವ” ಅಂದಳು. “ನನಗ ಬಾಡಿಗಿ ಬ್ಯಾಡ. ದಿನಾ ಒಲಿ ಹತ್ತಬೇಕು. ವಾರಕ್ಕೊಮ್ಮೆ ನೆಲ ಸಾರಿಸಬೇಕು. ಗೋಡಿ ಬಿರಿದ್ರ ಮಣ್ಣು ಮೆತ್ತಬೇಕು. ಆಗ್ತದೇನು?”

ಮತ್ತೊಂದು ಚೀಲ ಜೋಳ ಹೊರುವ ಶಕ್ತಿ ನನಗಿರಲಿಲ್ಲ. “ಆಯಿ, ಮೊದಲ ಹೇಳಿಬಿಡ್ತೀನಿ, ಅವರು ಬೌದ್ಧರು” ಅಂದೆ.

ಮಾಳಮ್ಮ ಡಬ್ಬಿಯ ಮುಚ್ಚಳ ತೆಗೆದಳು, ಮತ್ತೆ ಹಾಕಿದಳು. ಆಕೆ ಯೋಚಿಸಿದ್ದು ನನಗೆ ಸರಿಯೇ ಕಂಡಿತು. ಅದೇ ಊರಲ್ಲಿ, ಅದೇ ಓಣಿಯಲ್ಲಿ ಬಾಳಬೇಕಾದವಳು ಆಕೆ. ಕಡೆಗೆ “ನಾಳಿ ಕರಕೊಂಡು ಬಾ. ಅವರ ಮಾರಿ ನೋಡಿ ಹೇಳ್ತೀನಿ” ಅಂದಳು.

ಮಂಗಳವಾರ ಮೂವರನ್ನೂ ಕೂರಿಸಿಕೊಂಡು ಆಟೋದಲ್ಲಿ ಹೋದೆ. ಶಾಂತಾಬಾಯಿ ಒಳಗೆ ಹೋದವಳೇ ಗೋಡೆ ತಟ್ಟಿ ನೋಡಿದಳು, ಬುಡ ಮುಟ್ಟಿ ನೋಡಿದಳು. ಒಮ್ಮೆ ಗೋಡೆ ಬಿದ್ದದ್ದನ್ನು ಕಂಡವಳಲ್ಲವೇ? “ಗೋಡಿ ಗಟ್ಟಿ ಅದರಿ” ಅಂತ ಆಟೋದಲ್ಲಿದ್ದ ಗಂಡನಿಗೆ ಕೂಗಿ ಹೇಳಿದಳು. ಮಾಳಮ್ಮನಿಗೆ ಅದು ಹಿಡಿಸಿತು ಅಂತ ಕಾಣುತ್ತದೆ, ಒಲೆ, ಕಾಳು ತುಂಬುವ ಹಗೇವು, ಹಿತ್ತಲು ಎಲ್ಲ ತೋರಿಸಿದಳು. ಆಮೇಲೆ ದೇವರ ಜಗಲಿಯ ಮುಂದೆ ನಿಂತಳು.

“ನಮ್ಮ ದೇವ್ರು ಇಲ್ಲೇ ಇರ್ತಾನ. ಸೋಮವಾರಕ್ಕೊಮ್ಮೆ ದೀಪ ಹಚ್ಚಬೇಕು.”

ಎಲ್ಲ ಸರಿಹೋದ ಮೇಲೆ ಇಲ್ಲಿ ಮುರಿಯುತ್ತದಾ? ಮರುದಿನವೇ ಬುಧವಾರ. ಶಾಂತಾಬಾಯಿ ಹೂಂ ಅಂದುಬಿಡಲಿ ಅಂತ ಕಣ್ಣಲ್ಲೇ ಸನ್ನೆ ಮಾಡಿದೆ. ಆಕೆ ನನ್ನ ಕಡೆ ನೋಡಲೇ ಇಲ್ಲ.

“ದೀಪ ಹಚ್ಚಾಕ ನಂದೇನು ತಕರಾರಿಲ್ಲ ಆಯಿ. ಕೈ ಮುಗಿ ಅಂತ ಮಾತ್ರ ಅನಬ್ಯಾಡ. ನಾವು ಅದನ್ನ ಬಿಟ್ಟೀವಿ.”

ತಲೆಯ ಮೇಲೆ ಸೂರಿಲ್ಲದ ಹೆಂಗಸು, ಸೂರು ಕೊಡುವವಳ ಮುಂದೆ ಆಡಿದ ಮಾತಿದು. ನಾನಾಗಿದ್ದರೆ ಆಡುತ್ತಿದ್ದೆನೆ? ಗೊತ್ತಿಲ್ಲ.

ಮಾಳಮ್ಮ ಆಕೆಯನ್ನು ದಿಟ್ಟಿಸಿ ನೋಡಿದಳು. “ದೀಪ ನೀ ಹಚ್ಚು. ಕೈ ನಾ ಬಂದು ಮುಗಿತೀನಿ. ದೇವರಿಗೆ ಕತ್ತಲಾಗಬಾರದು, ಅಷ್ಟ” ಅಂದಳು.

ಮುಗಿಯಿತು ಮಾತುಕತೆ! ಧರ್ಮಸಮನ್ವಯದ ಬಗ್ಗೆ ಸ್ಟೇಜಿನ ಮೇಲೆ ತಾಸುಗಟ್ಟಲೆ ಮಾತಾಡುವವರು ಈ ಇಬ್ಬರು ಹೆಂಗಸರ ಕಾಲ ಬಳಿ ಕೂತು ಟ್ಯೂಷನ್ ತೆಗೆದುಕೊಳ್ಳಬೇಕು.

ಭೀಮರಾಯನನ್ನು ಇಳಿಸುವ ಹೊತ್ತಿಗೆ ಓಣಿಯಲ್ಲಿ ನಾಲ್ಕು ಜನ ಸೇರಿದರು. ನಮ್ಮ ಸಾವಕಾರರೂ ಬಂದರು. ಅವರ ಮನೆ ಅಲ್ಲಿಂದ ಕೂಗಳತೆ. “ಯಾರನ್ನ ಕೇಳಿ ಕೊಟ್ಟಿ ಮಾಳಮ್ಮ?” ಎಂದು ಮೆಲ್ಲಗೆ ಕೇಳಿದರು.

ಮಾಳಮ್ಮ ಮೆಲ್ಲಗೆ ಮಾತಾಡುವವಳಲ್ಲ. “ಯಾರನ್ನ ಕೇಳಿ ಕಟ್ಟಿದ್ನೋ ಅವರನ್ನ ಕೇಳೇ ಕೊಟ್ಟೀನಿ. ನಮ್ಮ ಕುರಿ ನಿಂತ ಹೊಲದಾಗ ನಾವೂ ಮಲಗ್ತೀವಿ. ನೀ ಯಾವ ಮಂದಿ ಅಂತ ನಾವು ಹೊಲದವರನ್ನ ಕೇಳಂಗಿಲ್ಲ, ಕುರಿನೂ ಕೇಳಂಗಿಲ್ಲ” ಅಂದಳು.

ಆಟೋದವನೊಬ್ಬನಿಂದಲೇ ಭೀಮರಾಯನನ್ನು ಎತ್ತಲಾಗುತ್ತಿರಲಿಲ್ಲ. ಕಡೆಗೆ ಸಾವಕಾರರೇ ಬಂದು ಇನ್ನೊಂದು ಹೆಗಲು ಕೊಟ್ಟರು, ಒಳಗಿನ ಮಂಚದವರೆಗೂ. (ಇದನ್ನು ಬರೆಯದೆ ಬಿಟ್ಟರೆ ಅನ್ಯಾಯವಾದೀತು. ಮನುಷ್ಯರು ನಾವು ತೀರ್ಪು ಕೊಟ್ಟಷ್ಟು ಬೇಗ ಮುಗಿಯುವುದಿಲ್ಲ.)

ಪ್ರಜ್ಞಾ ಪುಸ್ತಕ ಜೋಡಿಸಲು ಗೂಡು ಹುಡುಕುತ್ತಿದ್ದಳು. ಆಗಲೇ ಒಲೆ ಹತ್ತಿತ್ತು. ಮಾಳಮ್ಮ ಸೆರಗಿನ ಗಂಟು ಬಿಚ್ಚಿದಳು. ಒಂದೇ ದಾರದಲ್ಲಿ ಕಟ್ಟಿದ್ದ ಎರಡು ಬೀಗದ ಕೈ. ಹಲ್ಲಿನಿಂದ ದಾರ ಹರಿದು ಒಂದನ್ನು ಶಾಂತಾಬಾಯಿಯ ಅಂಗೈಯಲ್ಲಿಟ್ಟಳು, ಇನ್ನೊಂದನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡಳು.

“ಯಾರು ಮೊದಲ ಬಂದ್ರೂ ಬಾಗಿಲ ತೆಗಿಬೇಕು ನೋಡವ್ವ” ಅಂದಳು.

ಬೀಗ ಮಾಡುವವರು ಎಲ್ಲರಿಗೂ ಎರಡೆರಡು ಕೈ ಕೊಟ್ಟೇ ಕಳಿಸಿರುತ್ತಾರೆ. ನಿಮ್ಮ ಖಾಲಿ ಮನೆಯ ಎರಡನೆಯದು ಎಲ್ಲಿದೆ?