ಅಕ್ಕನ ಒಂದು ಹಿಡಿ ಬಟಾಣಿ

ನಮ್ಮಕ್ಕ ಬಟಾಣಿ ತಳಿ ಬೆಳೆಸುವ ಕೇಂದ್ರದಲ್ಲಿ ಹೂವಿಗೆ ಹೂವು ಕೂಡಿಸುತ್ತಾಳೆ. ನಾನು ಅಲ್ಲೇ ಪರೀಕ್ಷೆಯ ಕೋಣೆಯಲ್ಲಿ ಕಾಳು ಬೀಸುತ್ತೇನೆ. "ಅವಳು ಹುಟ್ಟಿಸ್ತಾಳೆ, ನೀನು ಪುಡಿ ಮಾಡ್ತೀಯ" ಎಂದು ಅಮ್ಮ ನಗುತ್ತಾಳೆ. ಅಕ್ಕನಿಗೆ ಅಪ್ಪನ ಹಠ ಬಂದಿದೆಯಂತೆ, ನನಗೆ ಅಮ್ಮನ ಬಾಯಿ.

ಬಿರಿಯದ ಮೊಗ್ಗನ್ನು ಚಿಮಟದಿಂದ ಬಿಡಿಸಿ, ಕೇಸರ ಕಿತ್ತು, ಇನ್ನೊಂದು ಗಿಡದ ಪರಾಗ ಹಚ್ಚುವುದರಲ್ಲೇ ಅವಳ ಪ್ರಾಯ ಕಳೆಯಿತು. ಮದುವೆಯ ಮಾತು ತಂದವರನ್ನು "ಈಗ ಹೂ ಬಿಡೋ ಕಾಲ, ಆಮೇಲೆ ನೋಡೋಣ" ಎಂದು ಸಾಗಹಾಕುತ್ತಿದ್ದಳು. ಅವಳಿಗೆ ಬೇಕಿದ್ದದ್ದು ಕಾಯಿಯೂ ತುಂಬ ಬಿಡುವ, ಕಾಳಿನಲ್ಲಿ ಪ್ರೋಟೀನೂ ತುಂಬಿರುವ ಒಂದು ಗಿಡ. ಬಟಾಣಿ ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ಇಳುವರಿ ಏರಿದರೆ ಪ್ರೋಟೀನ್ ಇಳಿಯುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ.

ಈ ಸಲ ಒಂದೇ ಒಂದು ಗಿಡ ಕಂಡವರ ಕಣ್ಣು ತುಂಬುವಷ್ಟು ಕಾಯಿ ಬಿಟ್ಟಿತು. ಅಕ್ಕ ಕಾಯಿ ಎಣಿಸಿ ಮುಗಿಸಿದ್ದಳು, ಅಷ್ಟರಲ್ಲಿ ಹಕ್ಕಿಗಳು ಬಲೆ ಹರಿದು ನುಗ್ಗಿದವು. ಉಳಿದದ್ದು ಒಂದು ಹಿಡಿ ಕಾಳು.

ಅದೇ ಹೊತ್ತಿಗೆ ಮೇಲಧಿಕಾರಿ ಕರೆಸಿ ಹೇಳಿದರು: "ನಾಳೆ ಸಭೇಲಿ ಪ್ರೋಟೀನ್ ಎಷ್ಟಿದೆ ಅಂತ ತೋರ್ಸಿ. ಇಲ್ಲಾಂದ್ರೆ ನಿಮ್ಮ ಹೊಲ ಜೋಳದವರಿಗೆ ಹೋಗುತ್ತೆ."

ಪ್ರೋಟೀನ್ ಅಳೆಯಬೇಕಾದರೆ ಕಾಳು ಬೀಸಲೇಬೇಕು. ಬೀಸಿದ ಕಾಳು ಮೊಳೆಯುವುದಿಲ್ಲ. ನಮ್ಮ ಮುದಿ ಯಂತ್ರಕ್ಕೋ ಬಟ್ಟಲು ತುಂಬ ಹಿಟ್ಟು ಬೇಕು. ಅತ್ತ ದರಿ, ಇತ್ತ ಪುಲಿ.

ಅಕ್ಕ ಐದಾರು ಕಾಳನ್ನು ಮುಷ್ಟಿಯಲ್ಲಿ ಉಳಿಸಿಕೊಂಡು ಮಿಕ್ಕದ್ದನ್ನು ಗಿರಣಿಗೆ ಸುರಿದಳು. ಹಿಟ್ಟು ಬಟ್ಟಲಿನ ಗೆರೆ ಮುಟ್ಟಲಿಲ್ಲ. ಯಂತ್ರ ಅಂಕಿ ಕೊಡಲಿಲ್ಲ.

"ಬೇಡಕ್ಕಾ, ಅಷ್ಟಾದ್ರೂ ಇರ್ಲಿ" ಎಂದೆ.

"ಹೊಲಾನೇ ಇಲ್ದಿದ್ರೆ ಇದನ್ನ ಎಲ್ಲಿ ಬಿತ್ಲೋ, ನಿನ್ನ ತಲೆ ಮೇಲಾ?" ಎಂದವಳೇ ಗಿರಣಿಯ ಮೇಲೆ ಮುಷ್ಟಿ ಬಿಚ್ಚಿದಳು. ನನ್ನ ಕೈ ಏಳಲಿಲ್ಲ. ಗುಂಡಿಯನ್ನು ಅವಳೇ ಒತ್ತಿದಳು.

ಅಂಥ ಅಂಕಿಯನ್ನು ನಮ್ಮ ಕೇಂದ್ರದಲ್ಲಿ ಯಾರೂ ಕಂಡಿರಲಿಲ್ಲ. ಸಭೆಯಲ್ಲಿ ಚಪ್ಪಾಳೆ ಬಿತ್ತು, ಹೊಲ ಉಳಿಯಿತು. "ಶಹಬ್ಬಾಸ್! ಬಿತ್ತನೆ ಯಾವಾಗ?" ಎಂದರು ಮೇಲಧಿಕಾರಿ. ಅಕ್ಕ ಎದ್ದು ನೆಟ್ಟಗೆ ಮನೆಗೆ ಬಂದಳು.

ಆ ಹಿಡಿ ಕಾಳು ಇಟ್ಟಿದ್ದ ಚೀಲದ ಹೊಲಿಗೆ ಬಿಚ್ಚಿ, ಮೂಲೆ ಮೂಲೆ ತಡಕಿದಳು. ಒಂದು ಕಾಳು ಸಿಕ್ಕಿತು. ಅದರಲ್ಲಿ ಹುಳು ತಿಂದು ಹೊರಬಿದ್ದ ತೂತಿತ್ತು.

"ಹೋಗ್ಲಿ ಬಿಡಕ್ಕಾ. ಅದರ ಅಪ್ಪ-ಅಮ್ಮನ ಬೀಜ ಇದೆಯಲ್ಲ, ಮತ್ತೆ ಕೂಡ್ಸಿದ್ರಾಯ್ತು."

"ನೀನೂ ನಾನೂ ಒಂದೇ ಅಪ್ಪ-ಅಮ್ಮನಿಗೆ ಹುಟ್ಟಿದ್ದು. ಒಂದೇ ಥರ ಇದೀವೇನೋ? ನಾನು ಸತ್ರೆ ಅಮ್ಮ ಮತ್ತೆ ನನ್ನನ್ನೇ ಹೆರ್ತಾಳಾ?"

ಅಮ್ಮ ಒಳಗಿಂದ ಕೇಳಿಸಿಕೊಂಡಳು. ಹೊರಗೆ ಬಂದು ಅಕ್ಕನ ಮುಂದೆ ಊಟದ ತಟ್ಟೆ ಇಟ್ಟಳು.

ಆ ಕಾಳನ್ನು ಅಕ್ಕ ಕಿಟಕಿಯ ಕುಂಡದಲ್ಲಿ ಊರಿದ್ದಾಳೆ. ದಿನಾ ಬೆಳಿಗ್ಗೆ ಬೆರಳಿನಿಂದ ಮಣ್ಣು ಸವರಿ ನೋಡುತ್ತಾಳೆ. ಮೊಳೆಯುವ ಕಾಲ ಎಂದೋ ಮುಗಿಯಿತು. ಎಂಥವರಿಗೂ ಮುಖಕ್ಕೆ ಹೊಡೆದ ಹಾಗೆ ಹೇಳುವ ನನಗೆ ಇದೊಂದು ಮಾತು ಹೇಳಲಾಗುತ್ತಿಲ್ಲ. ಅವಳು ಕೆಲಸಕ್ಕೆ ಹೊರಟಾಗ, ಮರೆಯದೆ ನೀರು ಹಾಕು ಅನ್ನುತ್ತಾಳೆ. ಹಾಕುತ್ತೇನೆ.