ಸಾರಕ್ಕಿಯಲ್ಲಿ ಕೇಳಬಾರದ ಪ್ರಶ್ನೆ

ಸಂಜೀವಯ್ಯ ಸರ್ಕಾರದ ಪರವಾಗಿ ಕೇಳಿದ ಮೊಟ್ಟಮೊದಲ ಪ್ರಶ್ನೆಗೆ ಸಿಕ್ಕಿದ ಉತ್ತರ ಒಂದು ಚೊಂಬು ನೀರು. ಕುಡಿಯಲು ಕೊಟ್ಟದ್ದಲ್ಲ, ಮುಖಕ್ಕೆ ಎರಚಿದ್ದು.

ಎಂಬತ್ತೊಂದನೇ ಇಸವಿಯ ಒಂದು ಸೋಮವಾರ ಬೆಳಗ್ಗೆ. ಕನಕಪುರ ರಸ್ತೆಯಲ್ಲಿ, ಸಾರಕ್ಕಿ ಊರು ಮುಗಿಯುವಲ್ಲಿ ಒಂದು ಹುಣಸೆಮರ. ಅದರ ಕೆಳಗೆ ರಸ್ತೆ ಇಲಾಖೆಯವರು ಒಂದು ಡೇರೆ ಹೊಡೆದು, ಒಂದು ಮೇಜು, ಕಾಲು ಅಲ್ಲಾಡುವ ಎರಡು ಕುರ್ಚಿ, ಒಂದು ಕೆಂಪು ಬಾವುಟ ಕೊಟ್ಟು ಸಂಜೀವಯ್ಯನನ್ನು ನಿಲ್ಲಿಸಿದ್ದರು. ಒಂದು ವಾರದ ಸರ್ವೆ. ಬರುವ ಗಾಡಿಗಳನ್ನು ಎಣಿಸಬೇಕು, ನಡುನಡುವೆ ಕೆಲವನ್ನು ನಿಲ್ಲಿಸಿ ಎಲ್ಲಿಂದ ಬಂದಿರಿ, ಎಲ್ಲಿಗೆ ಹೊರಟಿರಿ ಎಂದು ಕೇಳಿ ಬರೆದುಕೊಳ್ಳಬೇಕು. ಯಾವ ಊರಿಗೆ ಎಷ್ಟು ಜನ ಹೋಗುತ್ತಾರೆಂದು ಗೊತ್ತಾದರೆ ಯಾವ ರಸ್ತೆ ಅಗಲ ಮಾಡಬೇಕೆಂದೂ ಗೊತ್ತಾಗುತ್ತದೆ. ರಸ್ತೆ ಅಗಲವಾಗಬೇಕಾದರೆ ಮೊದಲು ಜನರ ಬಾಯಿ ಅಗಲವಾಗಬೇಕು, ಅಷ್ಟೇ.

ಮೊದಲು ಬಂದದ್ದು ಒಂದು ಮೆಟಡಾರ್ ವ್ಯಾನು. ಒಳಗೆ ಜರಿ ಸೀರೆಗಳು, ಮಲ್ಲಿಗೆ ಹೂವು, ಹಣ್ಣಿನ ತಟ್ಟೆ. ಮುಂದಿನ ಸೀಟಿನಲ್ಲಿ ಚೊಂಬು ಹಿಡಿದು ಕೂತ ಸಪ್ಪಲಮ್ಮ ಎಂಬ ಅಜ್ಜಿ. ಸಂಜೀವಯ್ಯ ಬಾವುಟ ಬೀಸಿ, ಎದೆ ಸೆಟೆಸಿ ಕೇಳಿಯೇ ಬಿಟ್ಟ.

"ಎಲ್ಲಿಗಮ್ಮ ಹೊರಟ್ರಿ?"

ವ್ಯಾನಿನೊಳಗೆ ಬಳೆ ಸದ್ದೂ ನಿಂತುಹೋಯಿತು.

"ಏನಂದೆ?" ಎಂದಳು ಸಪ್ಪಲಮ್ಮ.

"ಎಲ್ಲಿಗೆ ಅಂದೆ. ನಾನಲ್ಲ ಕೇಳ್ತಿರೋದು, ಸರ್ಕಾರ."

"ಮೊಮ್ಮಗನಿಗೆ ಹೆಣ್ಣು ನೋಡಾಕೆ ಗಳಿಗೆ ಇಡಿಸ್ಕೊಂಡು ಹೊಂಟಿದೀವಿ. ಹೊಸ್ಲು ದಾಟಿ ಎಲಡಿಕೆ ಜಗಿಯೋ ಹೊತ್ತೂ ಆಗಿಲ್ಲ, ಎಲ್ಲಿಗೆ ಅಂತ ಕೇಳ್ತೀಯಲ್ಲೋ, ನಿನ್ ನಾಲಿಗೆಗಿಷ್ಟು ನೀರಾಕ."

ಹಾಗೆಂದವಳು ಹಾಕಿಯೂ ಬಿಟ್ಟಳು. ವ್ಯಾನು ಅಲ್ಲೇ ತಿರುಗಿ ಮನೆಯ ಕಡೆ ಹೋಯಿತು. ಸಂಜೀವಯ್ಯನ ಹೊಸ ಖಾಕಿ ಅಂಗಿಯಿಂದ ನೀರು ತೊಟ್ಟಿಕ್ಕುತ್ತಿರುವಾಗಲೇ ಜೀಪಿನಿಂದ ಇಳಿದವರು ಅಸಿಸ್ಟೆಂಟ್ ಇಂಜಿನಿಯರ್ ಗೌರೀಶಂಕರ.

"ಏನ್ರೀ ಇದು?"

"ಸೆಕೆ ಸಾರ್," ಎಂದ ಸಂಜೀವಯ್ಯ. "ಸರ್ವೆ ಶುರು ಆಯ್ತು. ಮುಗಿದೋಯ್ತು ಅಂದ್ಕೊಳಿ."

ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಕೆಡುತ್ತದೆ. ಇದು ಸಂಜೀವಯ್ಯನಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿತ್ತು, ನಂಬಿಕೆ ಇರಲಿಲ್ಲ. ಶ್ರೀನಗರದ ಅವನ ಹೆಂಚಿನ ಮನೆಯ ಗೋಡೆಯಲ್ಲಿ ಬುದ್ಧನ ಪಟವಿತ್ತು. ಅವನಪ್ಪ ಬೋರಯ್ಯ ಗಾರೆ ಕೆಲಸದವನು. ಬೆಕ್ಕು ಅಡ್ಡ ಬಂದರೆ, "ಪಾಪ, ಅದಕ್ಕೇನು ತುರ್ತೋ" ಎಂದು ದಾರಿ ಬಿಟ್ಟು ಮುಂದೆ ಹೋಗುತ್ತಿದ್ದ ಆಸಾಮಿ. ಮಗನನ್ನೂ ಹಾಗೆಯೇ ಬೆಳೆಸಿದ್ದ. ರಾಹುಕಾಲದಲ್ಲಿ ಪರೀಕ್ಷೆ ಬರೆದು ಎಸ್ಸೆಸ್ಸೆಲ್ಸಿ ಪಾಸಾದವನು, ಅಮಾವಾಸ್ಯೆಯ ದಿನ ಕೆಲಸಕ್ಕೆ ಸೇರಿದವನು ಸಂಜೀವಯ್ಯ. ಕೆಲಸ ಮಾತ್ರ ಅಮಾವಾಸ್ಯೆಯಷ್ಟೇ ಕಪ್ಪಾಗಿತ್ತು. ರಸ್ತೆ ಗ್ಯಾಂಗಿನಲ್ಲಿ ತಾರು ಕಾಯಿಸುವುದು. ಬನಶಂಕರಿ, ಜಯನಗರದ ಎಷ್ಟೋ ಕ್ರಾಸುಗಳಿಗೆ ಅವನೇ ಕರಿ ಬಳಿದಿದ್ದ. ಗ್ಯಾಂಗಿನ ಮೇಸ್ತ್ರಿಯೂ ಆಗಿದ್ದ. ಆದರೆ ಆ ಹೊಗೆ ಎದೆಗಿಳಿದು ಕೆಮ್ಮು ಹತ್ತಿತ್ತು. ಡಾಕ್ಟರು, "ತಾರು ಬಿಡು, ಇಲ್ಲಾಂದ್ರೆ ಅದು ನಿನ್ನ ಬಿಡಲ್ಲ" ಎಂದಿದ್ದರು.

ತಾರಿನಿಂದ ಪಾರಾಗುವ ದಾರಿ ಒಂದೇ ಇತ್ತು. ಇಲಾಖೆಯಲ್ಲಿ ಒಂದು ವರ್ಕ್ ಇನ್ಸ್‌ಪೆಕ್ಟರ್ ಹುದ್ದೆ ಖಾಲಿಯಿತ್ತು. ಸರ್ವೆ ಚೆನ್ನಾಗಿ ಮಾಡಿಕೊಟ್ಟರೆ ಅದು ನಿಮಗೇ ಎಂದು ಗೌರೀಶಂಕರ ಹೇಳಿದ್ದರು. ಹೆಂಡತಿ ಅಂಕಮ್ಮ ಆಗಲೇ ಖಾಕಿ ಬಟ್ಟೆ ಹೊಲಿಸಿ, ನಮ್ಮವರು ಇನ್ಸ್‌ಪೆಕ್ಟರ್ ಆಗ್ತಾರೆ ಎಂದು ಬೀದಿಗೆಲ್ಲ ಸಾರಿದ್ದಳು. ಯಾವ ಇನ್ಸ್‌ಪೆಕ್ಟರ್ ಎಂದು ಬಿಡಿಸಿ ಹೇಳದ ಕಾರಣ, ಪಕ್ಕದ ಮನೆಯಲ್ಲಿ ಕಳ್ಳಸಾರಾಯಿ ಮಾರುವ ಪಾಪಯ್ಯ ಅಂದಿನಿಂದ ನಮಸ್ಕಾರ ಹಾಕತೊಡಗಿದ್ದ.

ಆದರೆ ಸರ್ವೆ ಕೈಕೊಟ್ಟಿತು. ಸಂಜೀವಯ್ಯನಿಗೆ ಶಕುನದಲ್ಲಿ ನಂಬಿಕೆ ಇಲ್ಲದಿದ್ದರೇನು, ಗಾಡಿಯಲ್ಲಿ ಕೂತವರಿಗೆ ಇತ್ತಲ್ಲ. ಎಲ್ಲಿಂದ ಎಂದರೆ ಥಟ್ಟನೆ ಹೇಳುತ್ತಿದ್ದರು. ಎಲ್ಲಿಗೆ ಎಂದರೆ ಮುಖ ಹುಳ್ಳಗೆ. ಕೆಲವರು ಇಳಿದು, ಒಂದು ಗಳಿಗೆ ಮರದ ಕೆಳಗೆ ಕೂತು, ಅವನದೇ ಹೂಜಿಯ ನೀರು ಕುಡಿದು ದೋಷ ಕಳೆದುಕೊಂಡು ಹೊರಡುತ್ತಿದ್ದರು. ಅವರ ಹಿಂದೆ ಎತ್ತಿನಗಾಡಿ, ಲಾರಿ, ಕೆಂಪು ಬಸ್ಸುಗಳು ಯಲಚೇನಹಳ್ಳಿಯ ತನಕ ನಿಂತವು. ತರಕಾರಿ ಗಾಡಿಯ ಯಲ್ಲಯ್ಯನಂತೂ, "ದೂರ ಹೊಂಟ್ರಾ ಅಂತ ಕೇಳೋದಲ್ವಾ ಗುರು, ಮರ್ಯಾದಸ್ತರು ಹಂಗೆ ಕೇಳ್ತಾರೆ" ಎಂದು ಪಾಠ ಹೇಳಿದ. ಸಂಜೀವಯ್ಯ ಹಾಗೂ ಕೇಳಿ ನೋಡಿದ. ಜನ "ಹೂಂ" ಎಂದರು, ಇಲ್ಲವೇ "ಉಹೂಂ" ಎಂದರು. ಹೂಂ ಎಂಬ ಊರು ನಕ್ಷೆಯಲ್ಲಿರಲಿಲ್ಲ.

ಮಂಗಳವಾರ ಸಂಜೆ ಗೌರೀಶಂಕರ ಹಾಳೆಗಳನ್ನು ತಿರುವಿ ಹಾಕಿದರು.

"ಇಲ್ಲೇ. ಇಲ್ಲೇ ಮುಂದೆ. ಇಲ್ಲೇ ಒಂಚೂರು. ದೇವರು ನಡೆಸಿದ ಕಡೆ. ನಿಂಗ್ಯಾಕೆ. ರೀ ಸಂಜೀವಯ್ಯ, ಈ ಹಾಳೆ ನಂಬಿದ್ರೆ ಬೆಂಗಳೂರಲ್ಲಿ ಹೊರಟ ಗಾಡಿಗಳೆಲ್ಲ ಸಾರಕ್ಕಿಗೆ ಬಂದು ನಿಂತುಬಿಟ್ಟಿವೆ. ಎಲ್ಲಿ ಇಟ್ಟಿದೀರ ಅವನ್ನೆಲ್ಲ, ಕೆರೇಲಾ?"

"ಬಾಯಿ ಬಿಡ್ತಾ ಇಲ್ಲ ಸಾರ್."

"ನನ್ನ ಕೈಲೂ ಆಗ್ಲಿಲ್ಲ ಬಿಡಿ. ಬೆಳಗ್ಗೆ ನಾನೇ ಒಂದು ಲಾರಿ ನಿಲ್ಲಿಸಿ ಕೇಳಿದೆ, ಅವನು ಕರ್ಪೂರ ಹಚ್ಚಿ ಟೈರಿಗೆ ಮಂಗಳಾರತಿ ಎತ್ತಿದ." ಅವರು ಹಾಳೆ ಮಡಚಿದರು. "ಆದ್ರೆ ಭಾನುವಾರದೊಳಗೆ ಇದು ಸರಿಹೋಗ್ಲಿಲ್ಲಾಂದ್ರೆ ಆ ಪೋಸ್ಟು ಬೇರೆಯವರಿಗೆ ಹೋಗುತ್ತೆ. ನೀವು ವಾಪಸ್ ತಾರಿನ ಡ್ರಮ್ಮಿಗೆ. ನಾನು ತಡೆಯೋಕಾಗಲ್ಲ."

ಸಂಜೀವಯ್ಯ ಕೆಮ್ಮಿದ. ಕೆಮ್ಮಿ ಮುಗಿಸಿ, "ಆಗೋಯ್ತು ಅಂದ್ಕೊಳಿ ಸಾರ್" ಎಂದ. ಹೇಗೆ ಎಂಬುದು ಅವನಿಗೂ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲದ್ದನ್ನೂ ಗೊತ್ತಿರುವಂತೆ ಹೇಳುವುದರಲ್ಲಿ ಅವನು ಆಗಲೇ ಇನ್ಸ್‌ಪೆಕ್ಟರ್ ದರ್ಜೆ ಮುಟ್ಟಿದ್ದ.

ಸೈಕಲ್ ತುಳಿದುಕೊಂಡು ಶ್ರೀನಗರಕ್ಕೆ ಹೋದ. ಉಂಡ, ಮಲಗಿದ. ಬೆಳಗ್ಗೆ ಅಂಕಮ್ಮ ಎಂದಿನಂತೆ ಬಾಗಿಲಲ್ಲಿ ನಿಂತು, "ಹೋಗ್ಬಿಟ್ಟು ಬನ್ನಿ" ಎಂದಷ್ಟೇ ಹೇಳಿ ಕಳಿಸಿದಳು. ಡೇರೆ ತಲುಪಿದವನೇ ಕೆಂಪು ಬಾವುಟವನ್ನು ಸುತ್ತಿ ಮೇಜಿನ ಕೆಳಗೆ ಇಟ್ಟ. ಬೆಳಗಿನ ಹೊತ್ತು ಯಾರನ್ನೂ ನಿಲ್ಲಿಸಲಿಲ್ಲ, ಮಾತಾಡಿಸಲಿಲ್ಲ, ಸುಮ್ಮನೆ ಗಾಡಿ ಎಣಿಸಿದ. ಬಿಸಿಲು ಇಳಿದು ಜನ ಮನೆಗೆ ಮರಳುವ ಹೊತ್ತಿಗೆ ಎದ್ದು ನಿಂತು ಬಾವುಟ ಬಿಚ್ಚಿದ.

"ಎಲ್ಲಿಗೆ ಹೋಗಿದ್ರಿ?"

ಹೋಗಿ ಆಗಿದೆ, ಕೆಲಸ ಮುಗಿದಿದೆ. ಇನ್ನು ಶಕುನಕ್ಕೆ ಏನು ಕೆಲಸ? ಜನ ಹೇಳಿದರು. ಹೇಳುತ್ತಲೇ ಹೋದರು. ಯಲ್ಲಯ್ಯ ಕಲಾಸಿಪಾಳ್ಯಕ್ಕೆ ಬದನೆಕಾಯಿ ಹೊತ್ತು ಹೋದದ್ದು, ಅಲ್ಲಿ ದಲ್ಲಾಳಿ ಮೂಗು ಮುರಿದದ್ದು, ಬರುತ್ತಾ ಬನಶಂಕರಿ ಗುಡಿಯಲ್ಲಿ ಆ ದಲ್ಲಾಳಿಯ ಹೆಸರಿಗೆ ನಿಂಬೆಹಣ್ಣಿನ ದೀಪ ಹಚ್ಚಿದ್ದು ಎಲ್ಲವನ್ನೂ ಬರೆಸಿದ. ಹಾರೋಹಳ್ಳಿಗೆ ಹೋಗಿದ್ದವರು ಅಲ್ಲಿಯ ಟಗರಿನ ಕೊಂಬಿನ ವಿಚಾರ ಹೇಳಿದರು. ಪ್ರಶ್ನೆ ಸರ್ಕಾರಿ, ಉತ್ತರ ಊಟದೆಲೆಯಷ್ಟು. ಬರೆದುಕೊಳ್ಳುವ ಕೈ ನೋಯುತ್ತಿತ್ತು, ಕೆಮ್ಮಲು ಪುರುಸೊತ್ತಿರಲಿಲ್ಲ.

ಶುಕ್ರವಾರ ಸಂಜೆ ಅದೇ ಮೆಟಡಾರ್ ಬಂತು. ಸಂಜೀವಯ್ಯ ಚೊಂಬಿನ ನೀರು ತಲುಪದಷ್ಟು ದೂರದಲ್ಲೇ ನಿಂತು ಕೇಳಿದ.

"ಎಲ್ಲಿಗೋಗಿದ್ರಿ ಅಜ್ಜಿ?"

ಸಪ್ಪಲಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಇವತ್ತು ಬುದ್ಧಿ ಬಂದೈತೆ ನಿಂಗೆ. ತಲಘಟ್ಟಪುರಕ್ಕೆ ಕಣಪ್ಪ. ಹುಡುಗಿ ಲಕ್ಷಣವಾಗವ್ಳೆ, ಮೂಗು ಒಂಚೂರು ಮೊಂಡು. ನಮ್ಮುಡುಗನ್ದು ಉದ್ದ ಐತೆ, ಮಕ್ಕಳಿಗೆ ಸರಿಹೋಯ್ತದೆ. ತಗೋ, ಬಾಳೆಹಣ್ಣು."

ಹಿಂದಿನ ಗಾಡಿಗಳು ಹಾರನ್ ಹೊಡೆದವು. ಅಜ್ಜಿ ಹುಡುಗಿಯ ಅಡುಗೆಯ ಬಗ್ಗೆಯೂ ಹೇಳಿಯೇ ಹೋದಳು.

ಗೌರೀಶಂಕರ ಅನುಮಾನದ ಪ್ರಾಣಿ. ಬೆಳಗ್ಗೆ ಹೋದ ಗಾಡಿಗಳ ಲೆಕ್ಕವನ್ನೂ ಸಂಜೆ ಮರಳಿದವುಗಳ ಲೆಕ್ಕವನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಹೆಚ್ಚುಕಡಿಮೆ ತಾಳೆಯಾಯಿತು. ಆಮೇಲೆ ಗೋಡೆಯ ನಕ್ಷೆಗೆ ಗುಂಡುಪಿನ್ನು ಚುಚ್ಚಿ, ಊರಿಂದೂರಿಗೆ ಬಣ್ಣದ ದಾರ ಎಳೆದರು. ಹೆಚ್ಚು ಜನ ಹೋಗುವ ಕಡೆ ದಪ್ಪ ದಾರ. ಇಂಜಿನಿಯರುಗಳ ಭಾಷೆಯಲ್ಲಿ ಇದಕ್ಕೆ ಆಸೆಯ ಗೆರೆ ಎನ್ನುತ್ತಾರಂತೆ. ಹಳ್ಳಿಗಳ ಆಸೆಗಳೆಲ್ಲ ಸಾರಕ್ಕಿಯ ಹತ್ತಿರ ಬಂದು ಹಗ್ಗದಂತೆ ಗಂಟುಬಿದ್ದಿದ್ದವು. ಎಲ್ಲಿ ಅಗಲ ಮಾಡಬೇಕೆಂದು ಬಾಯಿಬಿಟ್ಟು ಹೇಳುವುದೇ ಬೇಡವಾಗಿತ್ತು.

ಮುಂದಿನ ವಾರ ಕಛೇರಿಯಲ್ಲಿ ಸಭೆ. ಬೇರೆ ರಸ್ತೆಗಳಲ್ಲಿ ಸರ್ವೆ ಮಾಡಿದವರೂ ಬಂದಿದ್ದರು. ಅವರ ಹಾಳೆಗಳ ತುಂಬ "ಇಲ್ಲೇ". ಇಡೀ ಸಭೆಯಲ್ಲಿ ದಾರವಿದ್ದ ನಕ್ಷೆ ಒಂದೇ. ಸೂಪರಿಂಟೆಂಡಿಂಗ್ ಇಂಜಿನಿಯರರು ಅದರ ಮುಂದೆ ಬಹಳ ಹೊತ್ತು ನಿಂತರು. ಸಾರಕ್ಕಿ ರಸ್ತೆ ಅಗಲ ಮಾಡಲು ಅಂದಾಜು ತಯಾರಿಸಿ ಎಂದರು. ಆ ಇನ್ಸ್‌ಪೆಕ್ಟರ್ ಪೋಸ್ಟಿನ ಕಾಗದ ತನ್ನಿ ಎಂದು ಅಲ್ಲೇ ತರಿಸಿ ಸಹಿ ಹಾಕಿದರು. ಸಂಜೀವಯ್ಯನ ಎದೆ ಎಷ್ಟು ಹಗುರಾಯಿತೆಂದರೆ, ಅಲ್ಲಿ ಕೂತಿದ್ದ ಕೆಮ್ಮಿಗೂ ತನ್ನ ಜಾಗ ಹೋಯಿತೆಂಬ ಅನುಮಾನ ಬಂದಿರಬೇಕು.

"ಹೋಗುವಾಗ ಕೇಳದೆ, ಬಂದಮೇಲೆ ಕೇಳೋದು," ಎಂದರು ದೊಡ್ಡ ಸಾಹೇಬರು, ಎಲ್ಲರ ಕಡೆ ತಿರುಗಿ. "ಇದು ಪದ್ಧತಿ ಅಂದ್ರೆ. ಎಲ್ಲ ರಸ್ತೆಗೂ ಇನ್ಮೇಲೆ ಇದೇ. ಸಂಜೀವಯ್ಯನವರೇ, ಇವರಿಗೆಲ್ಲ ಸ್ವಲ್ಪ ಹೇಳಿ. ಎಲ್ಲಿ ಕಲಿತಿರಿ ಇದನ್ನ? ಯಾವ ಪುಸ್ತಕ?"

ಕೆಲವರು ಪೆನ್ನಿನ ಟೋಪಿ ತೆಗೆದರು. ಸಂಜೀವಯ್ಯ ಎದ್ದು ನಿಂತು ಅಂಗಿ ಎಳೆದುಕೊಂಡ.

"ಅಂಕಮ್ಮ ಸಾರ್, ನಮ್ಮನೆಯವ್ಳು. ಹೊರಡುವಾಗ ಒಂದು ಮಾತೂ ಕೇಳಲ್ಲ. ವಾಪಸ್ ಬಂದ್ರೆ ಚಪ್ಪಲಿ ಬಿಡೋಕೂ ಬಿಡಲ್ಲ."