ರಜೆಗೆ ಬಂದ ತಿಪ್ಪಣ್ಣ

ನಮ್ಮೂರು ತಾಳ್ಯದ ಟೈಲರ್ ತಿಪ್ಪಣ್ಣ ಜನರನ್ನು ಭುಜ ನೋಡಿ ಗುರುತು ಹಿಡಿಯುತ್ತಿದ್ದ. ಮಿಷನ್ನಿನ ಮೇಲೆ ಬಗ್ಗಿದ ತಲೆ ಎತ್ತುವಷ್ಟರಲ್ಲಿ ಮುಖ ದಾಟಿ ಹೋಗಿರುತ್ತಿತ್ತಲ್ಲ, ಪಾಪ! "ನಿನ್ನ ಎಡಗಡೆ ಭುಜ ಇಳಿದೈತೆ ಕಣಪ್ಪ, ಆ ಕಡೆ ಕೊಡ ಹೊರೋದು ಬಿಡು" ಎಂದು ಎದುರಿನ ನಮ್ಮಪ್ಪನ ಹೋಟೆಲಿನಲ್ಲಿದ್ದ ನನಗೆ ಅಲ್ಲಿಂದಲೇ ಕೂಗುತ್ತಿದ್ದ.

ಎಪ್ಪತ್ತರ ದಶಕದ ನಡುವೆ ದುಬೈ ಹುಚ್ಚು ನಮ್ಮ ಕಡೆಗೂ ಬಂತು. ಪಾಸ್‌ಪೋರ್ಟು ಬೇಡ, ಬೊಂಬಾಯಿಯಿಂದ ಲಾಂಚಿನಲ್ಲಿ ಸಮುದ್ರ ದಾಟಿಸುತ್ತೇನೆ ಎಂದು ಯಾವನೋ ಏಜೆಂಟ್ ಹೇಳಿದ, ತಿಪ್ಪಣ್ಣ ಹೊರಟೇಬಿಟ್ಟ. ಕಳ್ಳದಾರಿಗೆ ಹೊರಟವನಿಗೆ ಹಾರ ಹಾಕಿ, ಮೊಸರು ಕುಡಿಸಿ, ವಾಲಗ ಊದಿಸಿ ಬಸ್ಸು ಹತ್ತಿಸಿದವರು ಲೋಕದಲ್ಲಿ ನಾವೇ ಇರಬೇಕು. ಆ ದಿನದ ಫೋಟೊವನ್ನು ಅಪ್ಪ ಗಲ್ಲಾಪೆಟ್ಟಿಗೆಯ ಮೇಲೆ ತೂಗುಹಾಕಿದರು.

ಮಳೆಗಾಲ ಕಳೆಯುವಷ್ಟರಲ್ಲಿ ಆಸಾಮಿ ವಾಪಸ್! ತಲೆ ನುಣ್ಣಗೆ ಬೋಳು. "ಏನ್ಲೇ, ತಿರುಪ್ತಿಗೂ ಹೋಗಿಬಂದ್ಯಾ?" ಅಂದರೆ "ಹೂಂ" ಅಂದ. "ರಜಾ ಕೊಟ್ರಾ?" ಅಂದರೆ ಅದಕ್ಕೂ "ಹೂಂ".

ನಿಜ ಹೇಳಿದ್ದು ಅಪ್ಪನಿಗೂ ನನಗೂ ಮಾತ್ರ. "ದಡ ಮುಟ್ಟಿದ ಕೂಡ್ಲೇ ಅಲ್ಲಿನ ಪೊಲೀಸ್ನೋರು ಹಿಡುದ್ರು. ಜೈಲಾಗೆ ತಲೆ ಬೋಳ್ಸಿ ವಾಪಸ್ ಕಳ್ಸಿದ್ರು. ದುಬೈ ಅಂತ ನಾನು ನೋಡಿದ್ದು ಒಂದು ಗೋಡೆ. ಅಣ್ಣ, ಆ ಫೋಟೊ ತೆಗೀರಿ. ನನ್ನ ಕೈಲಿ ನೋಡಾಕಾಗಲ್ಲ."

"ತೆಗೆದ್ರೆ ಯಾಕೆ ಅಂತ ಜನ ಕೇಳ್ತಾರಪ್ಪ. ನಿನ್ನ ಮರ್ಯಾದಿ ಉಳೀಬೇಕಂದ್ರೆ ಅದು ಅಲ್ಲೇ ಇರ್ಲಿ" ಎಂದರು ಅಪ್ಪ. ನನಗೂ ಅದೇ ಸರಿ ಅನ್ನಿಸಿತು. ಎಂಥ ಬುದ್ಧಿವಂತರು ನಾವು!

ಊರವರು ಪ್ರೀತಿಯಿಂದಲೇ ಅವನ ಜೀವ ತಿಂದರು. ಹಬ್ಬಕ್ಕೆ ಕರೆದು ಹೋಳಿಗೆ ಬಡಿಸುತ್ತಾ, "ಯಾವಾಗಪ್ಪ ಹೊರಡದು?" ದುಬೈಯಿಂದ ರಜೆಗೆ ಬಂದವನು ತಾಳ್ಯದಲ್ಲಿ ಚಡ್ಡಿ ಹೊಲಿಯುತ್ತಾ ಕೂರಲಾದೀತೇ? ಮಿಷನ್ನಿನ ಮೇಲೆ ಗೋಣಿ ಹೊದಿಸಿಯೇ ಇತ್ತು. ಹೊಳಲ್ಕೆರೆಗೆ ಹೋದರೂ ಊರಿಗೆ ಮುಂಚೆಯೇ ಬಸ್ಸಿಳಿದು ಹೊಲದ ಬದುವಿನ ಮೇಲೆ ಬರುತ್ತಿದ್ದ.

ಒಂದು ಬೆಳಗ್ಗೆ ಚೀಲ ಹಿಡಿದು ಬಂದ. "ಈಗ ಅಲ್ಲಿ ಕಾವಲು ಬಿಗಿ ಮಾಡ್ಯಾರಂತೆ. ಲಾಂಚು ದಡಕ್ಕೆ ಹೋಗಲ್ಲ, ದೂರದಾಗೇ ನೀರಿಗೆ ಇಳಿಸ್ತಾರಂತೆ."

"ಹಂಗಾದ್ರೆ ಹೋಗಬ್ಯಾಡ ಕಣೋ!" ಎಂದೆ.

"ಇಲ್ಲಿ ಹೆಂಗಿರ್ಲಿ ಹೇಳು? ಕೆರೆಯಾಗೆ ಈಜು ಕಲ್ತಿಲ್ವಾ, ಬಿಡು." ನಗಲು ನೋಡಿದ. ಟೀ ಕೊಟ್ಟರೆ ಕುಡಿಯಲಿಲ್ಲ.

ಆಮೇಲೆ ಸುದ್ದಿಯಿಲ್ಲ. ಯಾರನ್ನಾದರೂ ಕೇಳೋಣವೆಂದರೆ ಅವನು ದೇಶ ಬಿಟ್ಟದ್ದೇ ಯಾವ ಸರ್ಕಾರಕ್ಕೂ ಗೊತ್ತಿಲ್ಲ.

ವರ್ಷ ಕಳೆದ ಮೇಲೆ ಅವನ ತಾಯಿ ಹೋಟೆಲಿಗೆ ಬಂದು, ಹಾರ ಹಾಕಿಕೊಂಡ ಮಗನ ಫೋಟೊದ ಮುಂದೆ ನಿಂತಳು. ಅಪ್ಪನಿಗೆ ತಡೆಯಲಾಗಲಿಲ್ಲ. ಸ್ಟೂಲು ಹತ್ತಿ ಫೋಟೊಗೆ ಕೈಹಾಕಿದರು.

"ಅಯ್ಯೋ, ತೆಗೀಬ್ಯಾಡ್ರಿ ಅಣ್ಣ! ಹೋದ ಸಲ ಎಷ್ಟು ಬೇಗ ರಜಾ ಕೊಟ್ಟಿದ್ರು. ಈ ಸಲಾನೂ ಕೊಡ್ತಾರೆ ಬಿಡ್ರಿ."

ಅಪ್ಪ ಸ್ಟೂಲಿನಿಂದ ಇಳಿದರು. ಆ ತಾಯಿಯ ಮುಖ ನೋಡಲಾರದೆ ನಾವಿಬ್ಬರೂ ಅವಳ ಭುಜ ನೋಡುತ್ತಾ ನಿಂತೆವು.